ವೈಕರಂಜ ಸರ್ಪಗಳ ವಿಚಾರ

ಸರ್ಪಗಳ ಜಾತಿವಿಭಾಗವನ್ನು ಹೇಳುವ ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ "ವೈಕರಂಜ" ಎಂಬುದೊಂದು ಶಬ್ದವುಂಟು. ಎರಡು ಬೇರೆ ಬೇರೆ ಜಾತಿಯ ಸರ್ಪಗಳ ಸಂಯೋಗದಿಂದ ಹುಟ್ಟಿದ ಮಿಶ್ರಸರ್ಪವೆಂದು ಅದರ ಅರ್ಥ. ಈ ಶಬ್ದದ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಸಾಧ್ಯವಾಗಿವೆ. ಮನುಷ್ಯರಲ್ಲಿ ವರ್ಣಸಂಕರವನ್ನು ಕುರಿತು ಶಾಸ್ತ್ರಕಾರರಿಗಿದ್ದ ಭಯವೇ ಹಾವುಗಳ ಮೇಲೆ ಆರೋಪಿತವಾಗಿದೆ, ಇದರಲ್ಲಿ ವಸ್ತುಸ್ಥಿತಿಯೇನೂ ಇಲ್ಲ ಎಂಬುದು ಒಂದು. ಪಾಶ್ಚಾತ್ಯ ಪ್ರಾಣಿಶಾಸ್ತ್ರಜ್ಞರು ಈಚೆಗೆ ಕಂಡುಕೊಂಡ ಉಪಜಾತಿಗಳ ಮಿಶ್ರಣವನ್ನು ನಮ್ಮವರು ಎಷ್ಟೋ ಶತಮಾನಗಳ ಹಿಂದೆಯೇ ಅರಿತಿದ್ದರು ಎಂಬುದು ಇನ್ನೊಂದು. ಇವೆರಡೂ ನಿಲ್ಲತಕ್ಕವಲ್ಲವೆಂದೂ, ಪ್ರಾಚೀನರ ನೋಟವು ನಿಜವಾಗಿದ್ದು ಆ ನೋಟಕ್ಕೆ ಅವರು ಕೊಟ್ಟ ಕಾರಣವು ಮಾತ್ರ ಸರಿಯಲ್ಲವೆಂದೂ ತೋರಿಸುವುದು ಈ ಲೇಖನದ ಉದ್ದೇಶ. ಮಿಶ್ರಸರ್ಪದ ಕಲ್ಪನೆಯು ಜನರಲ್ಲಿ ಇಂದಿಗೂ ಹೇಗೆ ನೆಲಸಿದೆಯೆಂಬುದಕ್ಕೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ಸೀಮೆಯನ್ನು ದೃಷ್ಟಾಂತವಾಗಿ ತೆಗೆದುಕೊಂಡಿದೆ.

೧

ಮೊದಲು ಗ್ರಂಥದ ಮಾತನ್ನು ನೋಡೋಣ. ಸುಶ್ರುತಸಂಹಿತೆಯ ಕಲ್ಪಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಭೂಮಿಯ ಮೇಲಣ ಸರ್ಪಗಳು ಒಟ್ಟು ೮೦ ಎಂದು ಎಣಿಸಿ, ಅವನ್ನು ಐದು ವರ್ಗಗಳಾಗಿ ವಿಂಗಡಿಸಿದೆ. ದರ್ವೀಕರಗಳು ೨೬, ಮಂಡಲಿಗಳು ೨೨, ರಾಜಿಮಂತಗಳು ೧೦, ನಿರ್ವಿಷಗಳು ೧೨, ಉಳಿದ ೧೦ ವೈಕರಂಜಗಳು. ಈ ಹತ್ತರಲ್ಲಿ ೩ ಮೂಲ ವೈಕರಂಜಗಳು, ೭ ಅವುಗಳಿಂದ ಹುಟ್ಟಿದವು. ಒಟ್ಟು ಸಂಖ್ಯೆಯಲ್ಲಿ ಎಂಟರಲ್ಲೊಂದು ಪಾಲನ್ನು ಮಿಶ್ರಜಾತಿಗೆ ಬಿಟ್ಟುಕೊಟ್ಟಿರುವುದು ಗಮನಿಸತಕ್ಕ ಅಂಶ.

ದರ್ವಿಯೆಂದರೆ ಸೌಟು, ಸೌಟಿನಂತೆ ಹೆಡೆಯುಳ್ಳದ್ದು ದರ್ವೀಕರ. ಇದು ನಮ್ಮ ನಾಗರಹಾವು. ಮೈಮೇಲೆ ಮಂಡಲಗಳುಳ್ಳದ್ದು ಮಂಡಲಿ. ಈ ಹೆಸರು ಕನ್ನಡದಲ್ಲಿ ಕೊಳಕುಮಂಡಲ, ಗರಗಸಮಂಡಲ ಎಂಬ ಮಾತುಗಳಲ್ಲಿ ಇನ್ನೂ ಜೀವದಿಂದಿದೆ. ಮಂಡಲಿಗಳಲ್ಲಿ ಒಂದಾದ ಗೋನಸವು ಮರಾಠಿಯಲ್ಲಿ "ಘೋಣಸ" ಎಂದು ಉಳಿದು ಕೊಳಕುಮಂಡಲವನ್ನೇ ಹೇಳುತ್ತದೆ. ಹಾಗಾಗಿ ಈ ಗುರುತಿನಲ್ಲಿ ಸಂದೇಹಕ್ಕೆ ಎಡೆಯಿಲ್ಲ. ರಾಜಿಯೆಂದರೆ ಗೆರೆ, ಗೆರೆಗಳುಳ್ಳದ್ದು ರಾಜಿಮಂತ ಅಥವಾ ರಾಜಿಲ. ಮೈಗೆ ಬಿಳಿಯ ಕಟ್ಟುಗಳಿರುವ ಕಟ್ಟುಹಾವಿಗೆ ಇದು ಸಲ್ಲುತ್ತದೆ. ದರ್ವೀಕರವು ಹಗಲಿನಲ್ಲಿಯೂ, ರಾಜಿಮಂತವು ರಾತ್ರಿಯ ಕಡೆಯ ಜಾವದಲ್ಲಿಯೂ, ಮಂಡಲಿಯು ರಾತ್ರಿಯ ಉಳಿದ ಜಾವಗಳಲ್ಲಿಯೂ ಸಂಚರಿಸುವುವೆಂದು ಅದೇ ಅಧ್ಯಾಯವು ಹೇಳುತ್ತದೆ. ಕಟ್ಟುಹಾವು ನಿಶಾಚರವೆಂಬುದನ್ನೂ, ಮಲಗಿದವರನ್ನು ಅದು ಕಚ್ಚುವುದೇ ಹೆಚ್ಚೆಂಬುದನ್ನೂ ಬಲ್ಲವರಿಗೆ ಈ ಮಾತನ್ನು ಬರೆದವನು ಹಾವುಗಳನ್ನು ಕಣ್ಣಾರೆ ಕಂಡವನೆಂಬುದು ತಾನಾಗಿ ವಿದಿತವಾಗುತ್ತದೆ.

ಇಲ್ಲಿ ಕೋಶಕಾರರ ಒಂದು ಮಾತನ್ನು ಸೇರಿಸಬೇಕು. ಸುಶ್ರುತನ ರಾಜಿಲವು ವಿಷಸರ್ಪ. ಅಮರಸಿಂಹನಾದರೋ ರಾಜಿಲ, ಡುಂಡುಭ ಎಂಬೆರಡನ್ನೂ ಪರ್ಯಾಯಪದಗಳಾಗಿ ಹೇಳುತ್ತಾನೆ. ಡುಂಡುಭವು ನಿರ್ವಿಷವೆಂಬುದು ಪ್ರಸಿದ್ಧ. ಈ ವಿರೋಧವನ್ನು ಲೇಖಕರ ಪ್ರಮಾದವೆಂದು ತಳ್ಳಿಹಾಕಲಾಗದು. ಗೆರೆಯುಳ್ಳ ಹಾವುಗಳಲ್ಲಿ ವಿಷದ್ದೂ ಉಂಟು, ವಿಷವಿಲ್ಲದ್ದೂ ಉಂಟು. ಕಟ್ಟುಹಾವನ್ನೂ, ಅದರಂತೆಯೇ ಮೈಯೆಲ್ಲ ಕಟ್ಟುಗಳಿರುವ, ಈಚಿನ ಪುಸ್ತಕಗಳು ತೋಳಹಾವೆಂದು ಕರೆಯುವ ಸಾಧುಪ್ರಾಣಿಯನ್ನೂ ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಕಷ್ಟ. ಮೈಬಣ್ಣವನ್ನು ಹಿಡಿದು ಹೆಸರಿಟ್ಟರೆ ಒಂದೇ ಹೆಸರು ಎರಡು ಜಾತಿಗಳಿಗೆ ಅಂಟಿಕೊಳ್ಳುತ್ತದೆ. ವೈಕರಂಜದ ಪ್ರಶ್ನೆಗೂ ಇದೇ ಬೀಜ.

೨

ಮೂಲ ವೈಕರಂಜಗಳು ಮೂರು. ಕೃಷ್ಣಸರ್ಪಕ್ಕೂ ಗೋನಸಕ್ಕೂ ಹುಟ್ಟಿದ್ದು ಮಾಕುಲಿ. ರಾಜಿಲಕ್ಕೂ ಗೋನಸಕ್ಕೂ ಹುಟ್ಟಿದ್ದು ಪೋಟಗಲ. ಕೃಷ್ಣಸರ್ಪಕ್ಕೂ ರಾಜಿಮಂತಕ್ಕೂ ಹುಟ್ಟಿದ್ದು ಸ್ನಿಗ್ಧರಾಜಿ. ತಂದೆತಾಯಿಗಳ ಸ್ಥಾನವು ಅದಲುಬದಲಾದರೂ ಹೆಸರು ಬದಲಾಗದು. ಇವುಗಳ ಪೈಕಿ ಮೊದಲನೆಯದರ ವಿಷದ ತೀವ್ರತೆಯು ತಂದೆಯನ್ನೂ, ಉಳಿದೆರಡರದು ತಾಯಿಯನ್ನೂ ಅನುಸರಿಸುವುದೆಂದು ಕೆಲವರ ಮತವೆಂದು ಹೇಳಿದೆ. "ಕೆಲವರ ಮತ" ಎಂಬ ಈ ಒಕ್ಕಣೆಯು ಬೆಲೆಯುಳ್ಳದ್ದು. ಈ ವಿಷಯದಲ್ಲಿ ವೈದ್ಯರೊಳಗೇ ಭಿನ್ನಾಭಿಪ್ರಾಯವಿದ್ದಿತು. ಗ್ರಂಥಕಾರನು ಅದನ್ನು ಮುಚ್ಚಿಡಲಿಲ್ಲ.

ಇವುಗಳಿಂದ ಮುಂದೆ ಹುಟ್ಟಿದ ಏಳರ ಹೆಸರುಗಳು ದಿವ್ಯೇಲಕ, ರೋಧ್ರಪುಷ್ಪಕ, ರಾಜಿಚಿತ್ರಕ, ಪೋಟಗಲ, ಪುಷ್ಪಾಭಿಕೀರ್ಣ, ದರ್ಭಪುಷ್ಪ, ವೇಲ್ಲಿತಕ. ಮೊದಲ ಮೂರು ರಾಜಿಲದಂತೆಯೂ ಉಳಿದವು ಮಂಡಲಿಯಂತೆಯೂ ಇರುವುವೆಂದು ವಿವರಣೆ. ಪೋಟಗಲವೆಂಬ ಹೆಸರು ಎರಡು ಪಟ್ಟಿಗಳಲ್ಲಿಯೂ ಬಂದಿರುವುದನ್ನು ನೋಡಿದರೆ, ಬೇರೆ ಬೇರೆ ವೈದ್ಯಪರಂಪರೆಗಳ ಎರಡು ಪಟ್ಟಿಗಳನ್ನು ಸಂಹಿತೆಯು ಒಂದೆಡೆ ಕೂಡಿಸಿರಬಹುದೆಂದು ಊಹಿಸಲವಕಾಶವಿದೆ. ಹೆಸರುಗಳ ಸ್ವರೂಪವನ್ನೂ ಗಮನಿಸಬೇಕು. ರೋಧ್ರದ ಹೂವು, ದರ್ಭೆಯ ಹೂವು, ಹೂ ಚೆಲ್ಲಿದಂತಿರುವ ಮೈ, ಗೆರೆಯ ಚಿತ್ರ, ಇವೆಲ್ಲ ಚರ್ಮದ ಮೇಲಣ ಗುರುತುಗಳೇ ಹೊರತು ಹುಟ್ಟಿನ ವೃತ್ತಾಂತಗಳಲ್ಲ.

ಇನ್ನು ದೋಷವಿಚಾರ. ದರ್ವೀಕರದ ವಿಷವು ವಾತವನ್ನೂ, ಮಂಡಲಿಯದು ಪಿತ್ತವನ್ನೂ, ರಾಜಿಮಂತದ್ದು ಕಫವನ್ನೂ ಕೆರಳಿಸುತ್ತದೆ. ಅಸವರ್ಣವಾದ ಎರಡು ಸರ್ಪಗಳ ಸಂತಾನವು ಕಚ್ಚಿದರೆ ಎರಡು ದೋಷಗಳ ಲಕ್ಷಣಗಳು ಒಟ್ಟಿಗೆ ತೋರುತ್ತವೆ. ಆ ದೋಷಗಳಿಂದ ತಂದೆತಾಯಿಗಳು ಯಾರೆಂದು ತಿಳಿಯಬೇಕು ಎಂದು ಸುಶ್ರುತನ ಅಭಿಪ್ರಾಯ. ಈ ವಾಕ್ಯದಲ್ಲಿ ಎಲ್ಲ ವಿಚಾರದ ಕೀಲಿ ಇದೆ. ಇಲ್ಲಿ ಅನುಮಾನದ ದಿಕ್ಕು ಯಾವುದು? ಹಾವುಗಳ ಸಂಯೋಗವನ್ನು ಕಂಡು ವಿಷದ ಗುಣವನ್ನು ಊಹಿಸಿದ್ದಲ್ಲ. ರೋಗಿಯ ದೇಹದಲ್ಲಿ ವಿಷದ ಗುಣವನ್ನು ಕಂಡು ಹಾವುಗಳ ಸಂಯೋಗವನ್ನು ಊಹಿಸಿದ್ದು. ಧೂಮದಿಂದ ಅಗ್ನಿಯನ್ನು ತಿಳಿಯುವ ಹಾಗೆ ಕಾರ್ಯದಿಂದ ಕಾರಣವನ್ನು ತಿಳಿಯಹೊರಟ ಅನುಮಾನ ಇದು. ಆದರೆ ಧೂಮಾಗ್ನಿಗಳಿಗೆ ಅಡಿಗೆಮನೆಯಲ್ಲಿ ಪ್ರತ್ಯಕ್ಷವಾದ ವ್ಯಾಪ್ತಿಯುಂಟು. ಇಲ್ಲಿ ಅಂತಹ ವ್ಯಾಪ್ತಿಯು ಸಿದ್ಧವಾಗಿಲ್ಲ.

ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಈ ಮಿಶ್ರಸರ್ಪಗಳನ್ನು "ವ್ಯಂತರ" ಎಂಬ ಹೆಸರಿನಿಂದ ಕರೆಯುತ್ತಾನೆ. ನಡುವಣ ಅಂತರದಲ್ಲಿರುವುದು ಎಂಬ ಭಾವ ಅದರಲ್ಲಿದೆ. ದರ್ವೀಕರವು ಮಳೆಗಾಲದಲ್ಲಿಯೂ, ಮಂಡಲಿಯು ಚಳಿಗಾಲದಲ್ಲಿಯೂ, ರಾಜಿಮಂತವು ಬಿಸಿಲುಗಾಲದಲ್ಲಿಯೂ ವಿಷದಿಂದ ಪ್ರಬಲವಾಗಿದ್ದರೆ, ವ್ಯಂತರಗಳು ಋತುಸಂಧಿಗಳಲ್ಲಿ ಪ್ರಬಲವೆಂದು ಅವನ ಮತ. ಎರಡು ಜಾತಿಗಳ ನಡುವಿನದಕ್ಕೆ ಎರಡು ಕಾಲಗಳ ನಡುವಿನ ಹೊತ್ತು. ಅಗ್ನಿಪುರಾಣದ ಸರ್ಪಲಕ್ಷಣದಲ್ಲಿಯೂ ವ್ಯಂತರಗಳು ಮಿಶ್ರದೋಷವುಳ್ಳವೆಂದು ಹೇಳಿದೆ. ಜೈನಾಗಮಗಳಲ್ಲಿ ವ್ಯಂತರರೆಂದರೆ ಒಂದು ವರ್ಗದ ದೇವತೆಗಳು. ಮಹೋರಗರು ಆ ವರ್ಗದಲ್ಲಿ ಸೇರಿದವರಾದರೂ ಈ ಎರಡು ಅರ್ಥಗಳನ್ನು ಒಂದರೊಳಗೊಂದು ಬೆರಸಬಾರದು. ಸರ್ಪಗಳನ್ನು ಹುಟ್ಟಿನ ಭೇದದಿಂದ ವಿಸ್ತಾರವಾಗಿ ವಿಂಗಡಿಸುವುದು ಚಿಕಿತ್ಸೆಗೆ ಉಪಯೋಗವಿಲ್ಲವಾದುದರಿಂದ ಹೇಳುವುದಿಲ್ಲವೆಂದು ವಾಗ್ಭಟನು ಅಲ್ಲಿಯೇ ಬಿಟ್ಟುಬಿಡುತ್ತಾನೆ. ಸುಶ್ರುತನು ತೆರೆದ ಬಾಗಿಲನ್ನು ಅವನು ವಿನಯದಿಂದ ಮುಚ್ಚಿದ್ದಾನೆ.

ಕನ್ನಡದಲ್ಲಿ ವಿಷವೈದ್ಯಕ್ಕೆ ಪ್ರಧಾನವಾದ ಗ್ರಂಥವು ಮಂಗರಾಜನ ಖಗೇಂದ್ರಮಣಿದರ್ಪಣ. ವಿಜಯನಗರದ ಆರಂಭಕಾಲದಲ್ಲಿ, ಸುಮಾರು ೧೩೬೦ರಲ್ಲಿ, ಹದಿನಾರು ಅಧಿಕಾರಗಳಲ್ಲಿ ರಚಿತವಾದ ಈ ಗ್ರಂಥದಿಂದ, ಸ್ಥಾವರಜಂಗಮ ವಿಷಗಳ ಶಾಸ್ತ್ರವು ಸಂಸ್ಕೃತಜ್ಞರಲ್ಲಿಯೇ ನಿಲ್ಲದೆ ದೇಶಭಾಷೆಯ ವೈದ್ಯರಿಗೂ ದೊರೆಯಿತೆಂಬುದು ಸ್ಪಷ್ಟವಾಗುತ್ತದೆ. ಶಾಸ್ತ್ರವು ಊರೊಳಕ್ಕೆ ಇಳಿದ ದಾರಿ ಇಂತಹುದು.

೩

ಹಾಗಾದರೆ ಕೃಷ್ಣಸರ್ಪಕ್ಕೂ ಗೋನಸಕ್ಕೂ ಸಂತಾನವುಂಟಾಗಬಲ್ಲುದೆ? ಆಗದೆಂದೇ ಉತ್ತರ. ಈಗಿನ ಪ್ರಾಣಿಶಾಸ್ತ್ರದ ಪ್ರಕಾರ ನಾಗರವೂ ಮಂಡಲವೂ ಎರಡು ಬೇರೆ ಕುಟುಂಬಗಳಿಗೆ ಸೇರಿದವು. ನಾಗರಹಾವು ಮೊಟ್ಟೆಯಿಡುತ್ತದೆ, ಕೊಳಕುಮಂಡಲವು ಮರಿ ಹಾಕುತ್ತದೆ. ನಾಗರದ ವಿಷಹಲ್ಲು ಗಿಡ್ಡಾಗಿ ಸ್ಥಿರವಾಗಿದೆ. ಮಂಡಲದ್ದು ಉದ್ದವಾಗಿ ಮಡಿಸಿಕೊಳ್ಳುತ್ತದೆ. ನಾಗರಕ್ಕೂ ಕಟ್ಟುಹಾವಿಗೂ ಕುಟುಂಬವೊಂದೇ ಆದರೂ ಗಣ ಬೇರೆ. ಆದುದರಿಂದ ಮಾಕುಲಿ ಮೊದಲಾದುವು ಶಾಸ್ತ್ರದಲ್ಲಿ ಹೇಳಿದ ಹುಟ್ಟನ್ನು ಪಡೆದುವಲ್ಲ.

ಆದರೂ ವೈದ್ಯನು ಕಂಡ ದ್ವಿದೋಷಲಕ್ಷಣವು ಸುಳ್ಳೆಂದು ಹೇಳುವ ಹಾಗಿಲ್ಲ. ಕೊಳಕುಮಂಡಲದ ವಿಷವು ಮುಖ್ಯವಾಗಿ ರಕ್ತವನ್ನು ಕೆಡಿಸತಕ್ಕದ್ದು. ನಾಗರ ಮತ್ತು ಕಟ್ಟುಹಾವುಗಳದು ನರಗಳನ್ನು ಕಟ್ಟತಕ್ಕದ್ದು. ಇಷ್ಟಿದ್ದರೂ ದಕ್ಷಿಣ ಹಿಂದೂಸ್ಥಾನದಲ್ಲಿಯೂ ಸಿಂಹಳದಲ್ಲಿಯೂ ಕೊಳಕುಮಂಡಲ ಕಚ್ಚಿದ ಕೆಲವು ರೋಗಿಗಳಲ್ಲಿ ರಕ್ತಸ್ರಾವದ ಜೊತೆಗೆ ರೆಪ್ಪೆ ಜೋಲುವಿಕೆ ಮೊದಲಾದ ನರಲಕ್ಷಣಗಳೂ ಕಾಣುವುದನ್ನು ಈಗಿನ ವೈದ್ಯರು ದಾಖಲೆ ಮಾಡಿದ್ದಾರೆ. ಒಂದೇ ಜಾತಿಯ ಹಾವಿನ ವಿಷವು ಒಂದೊಂದು ಸೀಮೆಯಲ್ಲಿ ಒಂದೊಂದು ಪಾಕದಲ್ಲಿರುತ್ತದೆ. ಮಂಡಲಿಯ ಕಡಿತದಲ್ಲಿ ದರ್ವೀಕರದ ಗುರುತನ್ನು ಕಂಡ ಪ್ರಾಚೀನ ವೈದ್ಯನು ಏನು ಹೇಳಬೇಕಾಗಿದ್ದಿತು? ತಾನು ಕಂಡದ್ದನ್ನು ಅಲ್ಲಗಳೆಯಬೇಕು, ಇಲ್ಲವೆ ವರ್ಗಗಳ ನಡುವೆ ಒಂದು ಎಡೆಯನ್ನು ಮಾಡಬೇಕು. ಅವನು ಎಡೆಯನ್ನು ಮಾಡಿದನು. ಮಾಕುಲಿಯೆಂಬ ಹೆಸರಿನ ಹಿಂದೆ ಇಂತಹ ಅನುಭವವಿದ್ದಿರುವುದು ಸಂಭಾವ್ಯವೆಂದು ನನ್ನ ಅಭಿಪ್ರಾಯ.

೪

ಸರ್ಪಗಳಲ್ಲಿ ಸ್ವಾಭಾವಿಕವಾದ ಮಿಶ್ರಣವು ಎಲ್ಲಿಯೂ ಇಲ್ಲವೆಂದು ಇದರಿಂದ ತಿಳಿಯಬಾರದು. ಅದು ಉಂಟು, ಆದರೆ ಅದಕ್ಕೆ ನಿಯಮಗಳಿವೆ. ಇದನ್ನು ಚೆನ್ನಾಗಿ ತೋರಿಸುವ ದೃಷ್ಟಾಂತವು ಅಮೆರಿಕ ಖಂಡದ ಕಿಂಗ್ ಸ್ನೇಕ್ ಮತ್ತು ಮಿಲ್ಕ್ ಸ್ನೇಕ್ ಎಂಬ ನಿರ್ವಿಷಸರ್ಪಗಳಲ್ಲಿ ದೊರೆಯುತ್ತದೆ. ಮೊದಲನೆಯದು ವಿಷದ ಹಾವುಗಳನ್ನೂ ಹಿಡಿದು ತಿನ್ನುವುದರಿಂದ ರಾಜಸರ್ಪವೆನಿಸಿತು. ಎರಡನೆಯದು ಕೊಟ್ಟಿಗೆಗಳಲ್ಲಿ ಇಲಿಗಳಿಗಾಗಿ ಸುಳಿಯುವುದನ್ನು ಕಂಡ ರೈತರು, ಹಸುವಿನ ಹಾಲನ್ನು ಕುಡಿಯಲು ಬಂದಿತೆಂದು ನಂಬಿ ಹಾಲುಹಾವೆಂದರು. ನಮ್ಮ ಹಳ್ಳಿಗಳಲ್ಲಿ ಕೇರೆಹಾವಿನ ಮೇಲೆ ಇರುವ ಅಪವಾದವೂ ಇದೇ.

ಈ ಗಣವನ್ನು ೧೯೨೧ರಲ್ಲಿ ಬ್ಲಾನ್ಷರ್ಡ್ ಎಂಬ ಪಂಡಿತನು ಸಮಗ್ರವಾಗಿ ಪರಿಶೀಲಿಸಿದನು. ೧೯೭೮ರಲ್ಲಿ ವಿಲಿಯಮ್ಸ್ ಎಂಬವನು ಮಿಲ್ಕ್ ಸ್ನೇಕಿನ ಉಪಜಾತಿಗಳೆಲ್ಲವನ್ನೂ ಮತ್ತೆ ಶೋಧಿಸಿದನು. ಅಟ್ಲಾಂಟಿಕ್ ಕರಾವಳಿಯ ಬಯಲಿನಲ್ಲಿ ವರ್ಜೀನಿಯದಿಂದ ನ್ಯೂ ಜೆರ್ಸಿಯವರೆಗೆ ಸಿಕ್ಕುವ ಒಂದು ಹಾವಿಗೆ ೧೮೯೩ರಲ್ಲಿ ಕೋಪ್ ಎಂಬವನು "ಟೆಂಪೊರಾಲಿಸ್" ಎಂದು ಪ್ರತ್ಯೇಕವಾದ ಹೆಸರನ್ನಿಟ್ಟಿದ್ದನು. ಉತ್ತರದ ಮಿಲ್ಕ್ ಸ್ನೇಕಿಗೆ ಕಂದು ಮಚ್ಚೆಗಳು. ದಕ್ಷಿಣದ ಸ್ಕಾರ್ಲೆಟ್ ಕಿಂಗ್ ಸ್ನೇಕಿಗೆ ವಿಷದ ಹವಳಹಾವನ್ನು ಹೋಲುವ ಕೆಂಪು ಕಟ್ಟುಗಳು. ಕರಾವಳಿಯ ಹಾವು ಇವೆರಡರ ಮಧ್ಯಸ್ಥವಾದ ಮೈಯುಳ್ಳದ್ದು. ಇದು ಪ್ರತ್ಯೇಕವಾದ ಜಾತಿಯಲ್ಲ, ಎರಡರ ನಾಡುಗಳು ಕೂಡುವ ಪ್ರದೇಶದಲ್ಲಿ ತಾನಾಗಿ ಉಂಟಾದ ಮಿಶ್ರರೂಪವೆಂದು ವಿಲಿಯಮ್ಸನು ಪರಿಗಣಿಸಿದನು. ಅದೇ ಎರಡು ಹಾವುಗಳು ಬೇರೆ ಕೆಲವೆಡೆಗಳಲ್ಲಿ ಒಂದೇ ನೆಲದಲ್ಲಿದ್ದೂ ಬೆರೆಯದೆ ಇರುವುದುಂಟು. ಮುಂದೆ ೨೦೦೯ರಲ್ಲಿ ಪೈರನ್ ಮತ್ತು ಬರ್ಬ್ರಿಂಕ್ ಎಂಬವರು ಸ್ಕಾರ್ಲೆಟ್ ಕಿಂಗ್ ಸ್ನೇಕನ್ನು ಸ್ವತಂತ್ರಜಾತಿಯೆಂದು ಬೇರ್ಪಡಿಸಿದರು. ೨೦೧೪ರಲ್ಲಿ ರುವೇನ್ ಮೊದಲಾದವರು ವಂಶಬೀಜದ ಪರೀಕ್ಷೆಯಿಂದ ಮಿಲ್ಕ್ ಸ್ನೇಕನ್ನೇ ಏಳು ಜಾತಿಗಳಾಗಿ ಒಡೆದರು.

ಇದರಿಂದ ಮೂರು ತತ್ತ್ವಗಳು ನಿಷ್ಪನ್ನವಾಗುತ್ತವೆ. ಒಂದನೆಯದು, ಸ್ವಾಭಾವಿಕ ಮಿಶ್ರಣಕ್ಕೆ ಸಮೀಪಬಂಧುತ್ವವು ಬೇಕು. ಎರಡನೆಯದು, ಎರಡರ ನೆಲೆಗಳು ಒಂದನ್ನೊಂದು ಮುಟ್ಟಬೇಕು. ಮಿಶ್ರರೂಪವು ಸಾಮಾನ್ಯವಾಗಿ ಆ ಸಂಧಿಪ್ರದೇಶದಲ್ಲಿಯೇ ಇರುವುದು. ಮೂರನೆಯದು, ಯಾವುದನ್ನು ಮಿಶ್ರವೆನ್ನಬೇಕೆಂಬುದು ವರ್ಗದ ಗಡಿಯನ್ನು ಎಲ್ಲಿ ಎಳೆದಿದ್ದೇವೆಂಬುದನ್ನು ಅವಲಂಬಿಸಿದೆ. ಗಡಿ ಸರಿದರೆ ಮಿಶ್ರವೂ ಸರಿಯುತ್ತದೆ. ಈ ಮೂರನೆಯ ತತ್ತ್ವಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷ್ಯವುಂಟು. ಕನ್ನಡಕದ ಗುರುತಿನ ನಾಗರವೂ, ಒಂಟಿಕಣ್ಣಿನ ಗುರುತಿನ ಪೂರ್ವದೇಶದ ನಾಗರವೂ ಹಿಂದೆ ಒಂದೇ ಜಾತಿಯ ಉಪಜಾತಿಗಳೆನಿಸಿದ್ದುವು. ಈಗ ಎರಡು ಜಾತಿಗಳು. ಕಾಳಿಂಗಸರ್ಪವೆಲ್ಲವೂ ಒಂದೇ ಎಂದು ಬಹುಕಾಲ ಎಣಿಸಿದ್ದುದು ೨೦೨೪ರಲ್ಲಿ ನಾಲ್ಕಾಗಿ ವಿಭಾಗವಾಯಿತು. ಪಶ್ಚಿಮಘಟ್ಟದ ಜಾತಿಗೆ "ಕಾಳಿಂಗ" ಎಂಬ ನಮ್ಮ ಮಾತೇ ಶಾಸ್ತ್ರನಾಮವಾಗಿ ನಿಂತಿತು.

೫

ಇನ್ನು ಹಾಸನದ ಸೀಮೆಗೆ ಬರೋಣ. ಈ ಸೀಮೆಯೇ ಒಂದು ಸಂಧಿಭೂಮಿ. ಪಶ್ಚಿಮದಲ್ಲಿ ಸಕಲೇಶಪುರದ ಕಡೆಗೆ ಮಳೆಯ ಕಾಡು. ಪೂರ್ವದಲ್ಲಿ ಚನ್ನರಾಯಪಟ್ಟಣದ ಒಣ ಮೈದಾನ. ನಡುವೆ ಹೇಮಾವತಿಯ ದಡದ ಹೊಳೆನರಸೀಪುರ, ಹೇಮಾವತಿ ಕಾವೇರಿಗಳ ನಡುವಣ ಅರಕಲಗೂಡು. ಮಲೆನಾಡು ಎಲ್ಲಿ ಮುಗಿದು ಮೈದಾನ ಎಲ್ಲಿ ಮೊದಲಾಗುವುದೆಂದು ಗೆರೆ ಎಳೆದು ತೋರಿಸಲು ಇಲ್ಲಿನ ಒಕ್ಕಲಿಗನಿಂದಲೂ ಆಗದು. "ಅರೆಮಲೆನಾಡು" ಎಂಬ ಮಾತಿನಿಂದ ಅವನು ಆ ಕಷ್ಟವನ್ನು ಪರಿಹರಿಸಿಕೊಂಡಿದ್ದಾನೆ. ವೈದ್ಯನಿಗೆ "ವ್ಯಂತರ" ಶಬ್ದವು ಮಾಡಿದ ಉಪಕಾರವನ್ನೇ ಈ ಮಾತು ಒಕ್ಕಲಿಗನಿಗೆ ಮಾಡಿದೆ.

ಸರ್ಪಭಾವನೆಯೂ ಮಿಶ್ರರೂಪದ ಭಾವನೆಯೂ ಈ ನಾಲ್ಕು ಊರುಗಳಲ್ಲಿ ಬೇರೂರಿವೆ. ಹಾಸನದ ಅಧಿದೇವತೆಯಾದ ಹಾಸನಾಂಬೆಯು ಹುತ್ತದ ರೂಪದಲ್ಲಿ ಪೂಜೆಗೊಳ್ಳುತ್ತಾಳೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ತೀರದ ಸುಬ್ರಹ್ಮಣ್ಯನಿಗೆ ಷಷ್ಠಿಯ ರಥೋತ್ಸವವು ನಡೆಯುತ್ತದೆ. ಹೊಳೆನರಸೀಪುರದ ಹೆಸರಿನಲ್ಲಿರುವ ದೇವನೋ, ನರನೂ ಅಲ್ಲದ ಸಿಂಹವೂ ಅಲ್ಲದ ರೂಪದಲ್ಲಿ, ಹಗಲೂ ಅಲ್ಲದ ಇರುಳೂ ಅಲ್ಲದ ಸಂಧ್ಯೆಯಲ್ಲಿ ಅವತರಿಸಿದವನು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ೯೮೧ರ ಸುಮಾರಿಗೆ ಚಾವುಂಡರಾಯನು ಮಾಡಿಸಿದ ಗೊಮ್ಮಟನ ಕಾಲಬಳಿ ಹುತ್ತಗಳೂ ಅವುಗಳಿಂದ ಹೊರಚಾಚಿದ ಸರ್ಪಗಳೂ ಕಂಡರಿಸಲ್ಪಟ್ಟಿವೆ. ಪೌದನಪುರದಲ್ಲಿ ಭರತನು ನಿಲ್ಲಿಸಿದ ಮೂಲವಿಗ್ರಹವನ್ನು ಕುಕ್ಕುಟಸರ್ಪಗಳು ಮುತ್ತಿಕೊಂಡುದರಿಂದ ಸ್ವಾಮಿಗೆ ಕುಕ್ಕುಟೇಶ್ವರನೆಂದು ಹೆಸರಾಯಿತೆಂಬ ಕಥೆಯು ಬೊಪ್ಪಣ ಪಂಡಿತನು ೧೧೮೦ರ ಸುಮಾರಿನಲ್ಲಿ ರಚಿಸಿದ ಅಲ್ಲಿನ ಶಾಸನದಲ್ಲಿದೆ. ಕುಕ್ಕುಟಸರ್ಪವೆಂದರೆ ಕೋಳಿಯ ಮೈಗೆ ಹಾವಿನ ತಲೆ ಕೂಡಿದ ಪ್ರಾಣಿ.

ಆದುದರಿಂದ ಮಿಶ್ರಸರ್ಪವೆಂಬ ಒಂದೇ ಮಾತಿನ ಕೆಳಗೆ ಮೂರು ಬೇರೆ ವಸ್ತುಗಳಿವೆ. ಕುಕ್ಕುಟಸರ್ಪವು ಕವಿಕಲ್ಪಿತ, ಅದಕ್ಕೆ ಸೃಷ್ಟಿಯಲ್ಲಿ ಪ್ರಮಾಣವನ್ನು ಕೇಳಬೇಕಾಗಿಲ್ಲ. ವೈಕರಂಜವು ಶಾಸ್ತ್ರಾನುಮಿತ; ಅದರ ಲಕ್ಷಣವು ಪ್ರತ್ಯಕ್ಷ, ಕಾರಣವು ಊಹೆ. ಟೆಂಪೊರಾಲಿಸಿನಂತಹುದು ಸ್ವಭಾವಸಿದ್ಧ. ಈ ಮೂರನ್ನೂ ಒಂದಾಗಿ ಎಣಿಸುವುದರಿಂದಲೇ ಆರಂಭದಲ್ಲಿ ಹೇಳಿದ ಎರಡು ಪೂರ್ವಪಕ್ಷಗಳೂ ಹುಟ್ಟಿವೆ. ವೈಕರಂಜವನ್ನು ಮೊದಲನೆಯದರ ಸಾಲಿಗೆ ಸೇರಿಸಿದವರು ಅದನ್ನು ಬರಿಯ ಕಲ್ಪನೆಯೆಂದರು. ಮೂರನೆಯದರ ಸಾಲಿಗೆ ಸೇರಿಸಿದವರು ಅದರಲ್ಲಿ ಇಂದಿನ ಶಾಸ್ತ್ರವನ್ನೇ ಕಂಡರು.

ವರ್ಣಸಂಕರದ ಆಕ್ಷೇಪಕ್ಕೂ ಇಲ್ಲಿಯೇ ಸಮಾಧಾನವನ್ನು ಹೇಳಬಹುದು. ಸುಶ್ರುತನು ಸರ್ಪಗಳಿಗೆ ಬಣ್ಣದಿಂದ ನಾಲ್ಕು ವರ್ಣಗಳನ್ನು ಹೇಳಿರುವುದೂ, "ಅಸವರ್ಣ" ಎಂಬ ಮಾತನ್ನು ಬಳಸಿರುವುದೂ ದಿಟ. ಧರ್ಮಶಾಸ್ತ್ರದ ಪರಿಭಾಷೆಯು ಅವನಿಗೆ ಕೈಗೆಟುಕುವಂತೆ ಇದ್ದಿತು, ಅದನ್ನು ಎತ್ತಿಕೊಂಡನು. ಆದರೆ ವೈಕರಂಜಗಳನ್ನು ಅವನು ನಿಂದಿಸಲಿಲ್ಲ, ಅಧರ್ಮದ ಫಲವೆನ್ನಲಿಲ್ಲ. ನಿರ್ವಿಷಗಳ ಪಕ್ಕದಲ್ಲಿ ಎಣಿಸಿ, ಲಕ್ಷಣವನ್ನು ಹೇಳಿ, ಮುಂದಕ್ಕೆ ನಡೆದನು. ಮಾತು ಸ್ಮೃತಿಯದು, ದೃಷ್ಟಿಯು ವೈದ್ಯನದು.

೬

ಈ ವಿವೇಚನೆಯು ಪಂಡಿತರ ವಿನೋದಕ್ಕಾಗಿ ಮಾತ್ರವಲ್ಲ. ನಾಗರಹಾವು ಕೇರೆಹಾವಿನೊಡನೆ ಕೂಡುತ್ತದೆ, ಕೇರೆಯೇ ನಾಗರದ ಗಂಡು ಎಂಬ ನಂಬಿಕೆಯು ಕನ್ನಡನಾಡಿನ ಹಳ್ಳಿಗಳಲ್ಲಿ ಇಂದಿಗೂ ಇದೆ. ಹೆಡೆಯೆತ್ತದ ನಾಗರವು ಕೇರೆಯಂತೆ ತೋರುವುದರಿಂದಲೂ, ಎರಡು ಕೇರೆಗಳು ಹೆಣೆದುಕೊಂಡು ಮೈಯೆತ್ತಿ ಆಡುವುದನ್ನು ಜನರು ಕಾಣುವುದರಿಂದಲೂ ಈ ನಂಬಿಕೆಯು ಬಲವಾಗಿದೆ. ಆ ಆಟವು ಸಾಮಾನ್ಯವಾಗಿ ಎರಡು ಗಂಡುಗಳ ಬಲಪರೀಕ್ಷೆಯೇ ಹೊರತು ದಾಂಪತ್ಯವಲ್ಲ. ಕೇರೆಯು ವಿಷವಿಲ್ಲದ್ದು, ಇಲಿಗಳನ್ನು ತಿಂದು ಬೆಳೆಯನ್ನು ಕಾಯುವಂತಹುದು. ನಾಗರದೊಡನೆ ಸಂಬಂಧವನ್ನು ಕಟ್ಟಿದುದರಿಂದ ಅದಕ್ಕೆ ಅನ್ಯಾಯವಾಗಿ ದೊಣ್ಣೆಯ ಪೆಟ್ಟು. ಇದಕ್ಕಿಂತಲೂ ದೊಡ್ಡ ಹಾನಿಯು ಮನುಷ್ಯನಿಗೆ. ಕಚ್ಚಿದ್ದು "ಬೆರಕೆಯ ಹಾವು", ಅದರ ವಿಷ ಅರೆಪಾಲು ಎಂದು ನಂಬಿ ಕಾಲಹರಣ ಮಾಡಿದರೆ ಪ್ರಾಣಕ್ಕೇ ಕುತ್ತು. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಚ್ಚಿ ಭಾರತದಲ್ಲಿ ಸುಮಾರು ೧೨ ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಜನರು ಸತ್ತಿರುವರೆಂದು ೨೦೨೦ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ೨೦೨೪ರ ಫೆಬ್ರವರಿಯಲ್ಲಿ ಕರ್ಣಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಕಾಯಿಲೆಗಳಲ್ಲಿ ಸೇರಿಸಿತು.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವನ್ನು ಈಗ ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಹಾವನ್ನು ಹಿಡಿದು ತರಬೇಕಾಗಿಲ್ಲ, ಅದರ ಕುಲವನ್ನು ವಿಚಾರಿಸಬೇಕಾಗಿಲ್ಲ. ವೈದ್ಯನು ರೋಗಿಯ ರಕ್ತವನ್ನೂ ರೆಪ್ಪೆಯನ್ನೂ ಉಸಿರನ್ನೂ ನೋಡಿ ನಿರ್ಣಯಿಸುತ್ತಾನೆ. ರೋಗಿಯ ದೇಹವೇ ಪ್ರಮಾಣವೆಂಬ ಈ ಮಾರ್ಗವು ಸುಶ್ರುತನದೂ ಆಗಿದ್ದಿತು. ಹುಟ್ಟಿನ ಭೇದವು ಚಿಕಿತ್ಸೆಗೆ ಉಪಯೋಗವಿಲ್ಲವೆಂದ ವಾಗ್ಭಟನದೂ ಆಗಿದ್ದಿತು. ಪಾಠಶಾಲೆಗಳಲ್ಲಿ ಈ ಗ್ರಂಥಗಳನ್ನು ಬೋಧಿಸುವ ಉಪಾಧ್ಯಾಯರು ವೈಕರಂಜದ ಮಾತು ಬಂದಾಗ ಅದನ್ನು ಹಾಸ್ಯಕ್ಕೂ ಹೆಮ್ಮೆಗೂ ಗುರಿಮಾಡದೆ, ಇಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬಿಡಿಸಿ ಹೇಳಬೇಕು. ಕಂಡದ್ದನ್ನು ಉಳಿಸಿಕೊಂಡು ಊಹಿ­ಸಿದ್ದನ್ನು ತಿದ್ದಿಕೊಳ್ಳುವುದರಿಂದ ಶಾಸ್ತ್ರಕ್ಕೆ ಲಾಘವವಿಲ್ಲ. ತಾನೇ "ಕೆಲವರ ಮತ" ಎಂದು ಬರೆದಿಟ್ಟವನು ತಿದ್ದುಪಡಿಗೆ ಎಡೆಯನ್ನೂ ಬಿಟ್ಟಿದ್ದಾನೆಂಬುದನ್ನು ವಿದ್ವಾಂಸರು ಪರಿಭಾವಿಸತಕ್ಕುದು.